ಬಿಚ್ಚಲು ಬರುವ ಯಂತ್ರವೇ ನಮ್ಮ ಯಂತ್ರ

ಅಮೆರಿಕದ ಅಯೋವಾ ರಾಜ್ಯದಲ್ಲಿ ಏಮ್ಸ್ ಎಂಬ ಪಟ್ಟಣವಿದೆ. ಸೋಯಾ ಅವರೆಯ ಬೇರನ್ನು ಕೊಳೆಯಿಸುವ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿಯ ಅಧ್ಯಯನಕ್ಕಾಗಿ ಸುಮಾರು ಹದಿನೈದು ವರ್ಷಗಳ ಹಿಂದೆ ನಾನು ಅಲ್ಲಿದ್ದೆ. ನಮ್ಮ ಅಡಿಕೆಯ ಕೊಳೆರೋಗಕ್ಕೆ ಕಾರಣವಾಗುವುದೂ ಇದೇ ಕುಲದ ಜೀವಿ. ನಾನಿದ್ದ ಬಾಡಿಗೆ ಮನೆಯ ಎದುರಿಗೆ ನಿವೃತ್ತ ಶಾಲಾ ಶಿಕ್ಷಕರೊಬ್ಬರು ವಾಸವಾಗಿದ್ದರು. ಸಂಜೆ ಅವರ ಗ್ಯಾರೇಜಿನ ಬಾಗಿಲು ತೆರೆದರೆ, ಒಳಗೆ 1955ರ ಶೆವರ್ಲೆ ಕಾರೊಂದು ಎಲುಬಿನ ಗೂಡಿನಂತೆ ನಿಂತಿರುತ್ತಿತ್ತು. ಬಾಡಿ ಒಂದು ಕಡೆ, ಚಾಸಿ ಇನ್ನೊಂದು ಕಡೆ, ಎಂಜಿನ್ನು ಕಬ್ಬಿಣದ ಸ್ಟ್ಯಾಂಡಿನ ಮೇಲೆ. ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಡಬ್ಬಿಗಳು. ಒಂದೊಂದು ಡಬ್ಬಿಯ ಮೇಲೂ ಒಳಗಿರುವ ನಟ್ಟು, ಬೋಲ್ಟುಗಳು ಕಾರಿನ ಯಾವ ಭಾಗಕ್ಕೆ ಸೇರಿದವು ಎಂಬ ಬರಹ.

ಆ ಕಾರು ಹಳ್ಳಿಯೊಂದರ ಕೊಟ್ಟಿಗೆಯಲ್ಲಿ ಮೂವತ್ತು ವರ್ಷ ಹುಲ್ಲಿನ ಹೊರೆಗಳ ನಡುವೆ ಬಿದ್ದಿತ್ತಂತೆ. ಅಯೋವಾದ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪುನೀರು ಕಾರಿನ ತಳಕ್ಕೆ ಸಿಡಿದು ತಗಡನ್ನು ತಿನ್ನುತ್ತದೆ. ಆ ಕಾರಿನ ತಳದ ತಗಡು ಜರಡಿಯಂತಾಗಿತ್ತು. ಶಿಕ್ಷಕರು ಕೊಳೆತ ಭಾಗವನ್ನು ಕತ್ತರಿಸಿ ತೆಗೆದು ಹೊಸ ತಗಡನ್ನು ಬೆಸೆಯುತ್ತಿದ್ದರು. ಜೀವನವಿಡೀ ಇತಿಹಾಸ ಕಲಿಸಿದ ಅವರು ಬೆಸುಗೆ ಕಲಿತದ್ದು ಅರುವತ್ತು ದಾಟಿದ ಮೇಲೆ. ಮೇಜಿನ ಮೇಲೆ ಅದೇ ಮಾದರಿಗಾಗಿ ಕಂಪೆನಿ ಅಂದು ಅಚ್ಚು ಹಾಕಿಸಿದ್ದ ದುರಸ್ತಿ ಕೈಪಿಡಿ ಇರುತ್ತಿತ್ತು. ಪುಟಗಳ ತುಂಬ ಎಣ್ಣೆಯ ಬೆರಳಚ್ಚು.

ಪರಿಸರದ ಪತ್ರಿಕೆಯಲ್ಲಿ ಪೆಟ್ರೋಲು ಕುಡಿಯುವ ಹಳೆಯ ಅಮೆರಿಕನ್ ಕಾರುಗಳ ಕಥೆಯೇಕೆ ಎಂದು ಓದುಗರು ಕೇಳಬಹುದು. ನಾನು ಆ ಕಾರುಗಳ ವಕಾಲತ್ತು ವಹಿಸಲು ಹೊರಟಿಲ್ಲ. ಆದರೆ ಆ ಗ್ಯಾರೇಜುಗಳಲ್ಲಿ ಉಳಿದುಕೊಂಡಿರುವ ಒಂದು ಸಂಗತಿ ನಮ್ಮ ಊರುಗಳಿಂದ ಸದ್ದಿಲ್ಲದೆ ಜಾರಿಹೋಗುತ್ತಿದೆ. ತನ್ನ ಯಂತ್ರವನ್ನು ತಾನೇ ಬಿಚ್ಚಿ, ಅರಿತು, ಸರಿಪಡಿಸಿ ಮತ್ತೆ ದುಡಿಸಿಕೊಳ್ಳುವ ಹಕ್ಕು ಮತ್ತು ಅರಿವು ಎಂಬುದೇ ಆ ಸಂಗತಿ. ಅದನ್ನು ಕುರಿತು ಯೋಚಿಸಲು ಆ ಕಾರುಗಳ ಇತಿಹಾಸ ನಮಗೆ ನೆರವಾಗುತ್ತದೆ.

ಎಸೆಯಲೆಂದೇ ಕಟ್ಟಿದ್ದು

ಫೋರ್ಡ್ ಕಂಪೆನಿಯ ಮಾಡೆಲ್ ಟಿ ಕಾರು 1908ರಲ್ಲಿ ಮಾರುಕಟ್ಟೆಗೆ ಬಂದು 1927ರವರೆಗೆ ತಯಾರಾಯಿತು. ಒಟ್ಟು 1 ಕೋಟಿ 50 ಲಕ್ಷಕ್ಕೂ ಹೆಚ್ಚು ಕಾರುಗಳು ಕಾರ್ಖಾನೆಯಿಂದ ಹೊರಬಿದ್ದವು. ಆರಂಭದಲ್ಲಿ 850 ಡಾಲರ್ ಇದ್ದ ಬೆಲೆ 1920ರ ದಶಕದ ಮಧ್ಯಭಾಗದ ಹೊತ್ತಿಗೆ 300 ಡಾಲರಿಗಿಂತ ಕೆಳಗಿಳಿದಿತ್ತು. ಅದನ್ನು ಕೊಂಡವರಲ್ಲಿ ರೈತರು ಬಹಳ ಮಂದಿ. ಕೆಲವೇ ಪಾನೆಗಳು, ಒಂದು ಸುತ್ತಿಗೆ, ಸ್ವಲ್ಪ ತಂತಿ ಇದ್ದರೆ ಅವರು ಹೊಲದ ಬದಿಯಲ್ಲೇ ಅದನ್ನು ರಿಪೇರಿ ಮಾಡಿಕೊಳ್ಳುತ್ತಿದ್ದರು. ಹಿಂದಿನ ಚಕ್ರವನ್ನು ಎತ್ತಿ ನಿಲ್ಲಿಸಿ, ಅದಕ್ಕೆ ಬೆಲ್ಟು ಹಾಕಿ ಗರಗಸ ತಿರುಗಿಸಿದವರೂ, ನೀರೆತ್ತಿದವರೂ ಉಂಟು. ಹತ್ತೊಂಬತ್ತು ವರ್ಷ ಕಾರಿನ ಮೂಲ ವಿನ್ಯಾಸ ಹೆಚ್ಚು ಬದಲಾಗದಿದ್ದುದರಿಂದ ಒಂದರ ಬಿಡಿಭಾಗ ಇನ್ನೊಂದಕ್ಕೆ ಹೊಂದುತ್ತಿತ್ತು.

ಇಷ್ಟು ಬಾಳಿಕೆ ಬರುವ ವಸ್ತು ಮಾರುವವನಿಗೆ ಲಾಭದಾಯಕವಲ್ಲ. ಕಾರು ಬೇಕಾದವರೆಲ್ಲ ಕೊಂಡಾದ ಮೇಲೆ ಮುಂದೇನು? ಜನರಲ್ ಮೋಟಾರ್ಸ್‌ನ ಮುಖ್ಯಸ್ಥ ಆಲ್ಫ್ರೆಡ್ ಸ್ಲೋನ್ 1920ರ ದಶಕದಲ್ಲಿ ಇದಕ್ಕೆ ಉತ್ತರ ಕಂಡುಕೊಂಡರು. ಪ್ರತಿವರ್ಷವೂ ಮಾದರಿಯನ್ನು ಬದಲಿಸುವುದು, ಕಳೆದ ವರ್ಷದ ಕಾರು ಚೆನ್ನಾಗಿಯೇ ಓಡುತ್ತಿದ್ದರೂ ಅದರ ಒಡೆಯನಿಗೆ ಅದು ಹಳತೆನಿಸುವಂತೆ ಮಾಡುವುದು. 1927ರಲ್ಲಿ ವಿನ್ಯಾಸ ವಿಭಾಗದ ಹೊಣೆ ಹೊತ್ತ ಹಾರ್ಲಿ ಅರ್ಲ್ ಈ ಕಲೆಯನ್ನು ತುತ್ತತುದಿಗೆ ಒಯ್ದರು. 1948ರ ಕ್ಯಾಡಿಲಾಕ್ ಕಾರಿನ ಹಿಂಬದಿಯಲ್ಲಿ ಯುದ್ಧವಿಮಾನದ ಬಾಲವನ್ನು ನೆನಪಿಸುವ ಎರಡು ಸಣ್ಣ ರೆಕ್ಕೆಗಳು ಮೂಡಿದವು. ಅವು ವರ್ಷದಿಂದ ವರ್ಷಕ್ಕೆ ಬೆಳೆದು 1959ರಲ್ಲಿ ಚೂಪಾದ ಬೃಹತ್ ರೆಕ್ಕೆಗಳಾದವು. ಆ ರೆಕ್ಕೆಗಳಿಂದ ಕಾರಿಗೆ ಯಾವ ಉಪಯೋಗವೂ ಇರಲಿಲ್ಲ. ನೆರೆಮನೆಯವನ ಕಾರು ಕಳೆದ ವರ್ಷದ್ದೆಂದು ದೂರದಿಂದಲೇ ತೋರಿಸಿಕೊಡುವುದೇ ಅವುಗಳ ಕೆಲಸ. ಪತ್ರಕರ್ತ ವ್ಯಾನ್ಸ್ ಪ್ಯಾಕರ್ಡ್ 1960ರಲ್ಲಿ ಪ್ರಕಟಿಸಿದ ‘ದಿ ವೇಸ್ಟ್ ಮೇಕರ್ಸ್’ ಎಂಬ ಗ್ರಂಥದಲ್ಲಿ ಈ ವ್ಯಾಪಾರನೀತಿಯನ್ನು ಕಟುವಾಗಿ ವಿಮರ್ಶಿಸಿದರು.

ಇಲ್ಲೊಂದು ವೈಚಿತ್ರ್ಯವಿದೆ. ಇಂದು ಹವ್ಯಾಸಿಗಳು ಹೆಚ್ಚಾಗಿ ಪ್ರೀತಿಸಿ ಉಳಿಸಿಕೊಂಡಿರುವುದು ಇದೇ ಕಾಲದ ಕಾರುಗಳನ್ನು: 1955, 1956, 1957ರ ಶೆವರ್ಲೆಗಳು, 1964ರ ಏಪ್ರಿಲ್‌ನಲ್ಲಿ ಬಂದು ಒಂದೇ ವರ್ಷದಲ್ಲಿ 4 ಲಕ್ಷಕ್ಕೂ ಹೆಚ್ಚು ಮಾರಾಟವಾದ ಫೋರ್ಡ್ ಮಸ್ಟಾಂಗ್ ಮೊದಲಾದವು. ಎರಡು ಮೂರು ವರ್ಷಗಳಲ್ಲಿ ಒಡೆಯನಿಗೆ ಹಳತೆನಿಸಬೇಕೆಂದು ರೂಪಿಸಿದ ವಸ್ತುವನ್ನು ಅವರು ಎಪ್ಪತ್ತು ವರ್ಷ ಬದುಕಿಸಿದ್ದಾರೆ. ಇದು ಸಾಧ್ಯವಾದುದಕ್ಕೆ ಕಾರಣ ಸರಳ. ಹೊರಗಿನ ಅಲಂಕಾರ ಬದಲಾಗುತ್ತಿದ್ದರೂ ಒಳಗಿನ ಯಂತ್ರ ತೆರೆದ ಪುಸ್ತಕವಾಗಿತ್ತು. ಕಾರ್ಬ್ಯುರೇಟರನ್ನು ಬಿಚ್ಚಿ ತೊಳೆಯಬಹುದಿತ್ತು. ಕಿಡಿ ಹೊತ್ತಿಸುವ ಪಾಯಿಂಟುಗಳ ನಡುವಿನ, ಅರ್ಧ ಮಿಲಿಮೀಟರಿಗೂ ಕಡಿಮೆಯಾದ ಸಂದನ್ನು ತೆಳುವಾದ ಲೋಹದ ಪಟ್ಟಿಯಿಂದ ಅಳೆದು ಹೊಂದಿಸಬಹುದಿತ್ತು. ದೋಷವನ್ನು ಕಣ್ಣಿನಿಂದ ನೋಡಬಹುದಿತ್ತು, ಕಿವಿಯಿಂದ ಕೇಳಬಹುದಿತ್ತು.

ಗ್ಯಾರೇಜೆಂಬ ಪಾಠಶಾಲೆ

ಈ ಹವ್ಯಾಸದಲ್ಲಿ ಹಲವು ಪಂಥಗಳಿವೆ. ಕಾರ್ಖಾನೆಯಿಂದ ಹೊರಬಂದ ದಿನ ಇದ್ದಂತೆಯೇ, ಬಣ್ಣ, ಬೋಲ್ಟು ಸಹಿತವಾಗಿ ಮರಳಿಸಬೇಕೆನ್ನುವವರು ಒಂದು ಪಂಥ. ಹಳೆಯ ಮೈಯೊಳಗೆ ಹೊಸ ಎಂಜಿನ್ನು, ಹೊಸ ಬ್ರೇಕು ಕೂರಿಸಿ ದಿನವೂ ಓಡಿಸಬೇಕೆನ್ನುವವರು ಇನ್ನೊಂದು. ಹಾಟ್ ರಾಡ್ ಎನಿಸಿಕೊಂಡ ಮೂರನೆಯ ಪಂಥ ಹುಟ್ಟಿದ್ದು ಬಡತನದಲ್ಲಿ. 1930ರ ದಶಕದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಯುವಕರು ಗುಜರಿ ಬೆಲೆಗೆ ಹಳೆಯ ಫೋರ್ಡ್ ಕಾರುಗಳನ್ನು ಕೊಂಡು, ಬೇಡದ ತಗಡುಗಳನ್ನು ಕಳಚಿ, ಎಂಜಿನ್ನನ್ನು ತಾವೇ ತಿದ್ದಿ, ಒಣಗಿದ ಕೆರೆಗಳ ಚಪ್ಪಟೆ ನೆಲದಲ್ಲಿ ವೇಗ ಪರೀಕ್ಷಿಸುತ್ತಿದ್ದರು. ಅವರ ಸಂಘಗಳು 1937ರಲ್ಲಿ ಒಂದು ಒಕ್ಕೂಟವಾದವು. 1948ರಲ್ಲಿ ಅವರಿಗಾಗಿಯೇ ‘ಹಾಟ್ ರಾಡ್’ ಎಂಬ ಮಾಸಪತ್ರಿಕೆ ಹೊರಟಿತು.

ಪಂಥ ಯಾವುದೇ ಇರಲಿ, ಅವರೆಲ್ಲರನ್ನೂ ಹಿಡಿದಿಟ್ಟಿರುವುದು ಹಂಚಿಕೊಂಡ ಅರಿವು. 1935ರಲ್ಲಿ ಸ್ಥಾಪನೆಯಾದ ಹಳೆಯ ವಾಹನಗಳ ರಾಷ್ಟ್ರೀಯ ಸಂಘವೊಂದು 1950ರ ದಶಕದಿಂದ ಪೆನ್ಸಿಲ್ವೇನಿಯಾದ ಹರ್ಷಿ ಪಟ್ಟಣದಲ್ಲಿ ಶರತ್ಕಾಲದ ಮೇಳ ನಡೆಸುತ್ತ ಬಂದಿದೆ. ನಮ್ಮ ದನದ ಜಾತ್ರೆಯಂತೆ ಅಲ್ಲಿ ಬಿಡಿಭಾಗಗಳ ಜಾತ್ರೆ. ಹಳೆಯ ದೀಪ, ಬಾಗಿಲ ಹಿಡಿಕೆ, ಗೇರಿನ ಹಲ್ಲುಗಳನ್ನು ನೆಲದ ಮೇಲೆ ಹರವಿಕೊಂಡು ಕುಳಿತಿರುತ್ತಾರೆ. ಯಾವ ವರ್ಷದ ಯಾವ ಕಾರಿನ ಭಾಗ ಇನ್ನಾವುದಕ್ಕೆ ಹೊಂದುತ್ತದೆ ಎಂಬುದಕ್ಕೇ ಮೀಸಲಾದ ದಪ್ಪ ದಪ್ಪ ಕೋಶಗಳಿವೆ. ಕನ್ಸಾಸ್ ರಾಜ್ಯದ ಮ್ಯಾಕ್‌ಫರ್ಸನ್ ಕಾಲೇಜಿನಲ್ಲಿ 1976ರಿಂದ ಹಳೆಯ ಕಾರುಗಳ ಪುನರುಜ್ಜೀವನವನ್ನು ಬೋಧಿಸುತ್ತಿದ್ದಾರೆ; ಇಂದು ಆ ವಿಷಯದಲ್ಲೇ ನಾಲ್ಕು ವರ್ಷದ ಪದವಿ ಪಡೆಯಬಹುದು. ಸುತ್ತಿಗೆ ಹಿಡಿದು ತಗಡು ಬಡಿಯುವುದನ್ನು ಪದವಿಗೆ ಯೋಗ್ಯವಾದ ವಿದ್ಯೆಯೆಂದು ಆ ಕಾಲೇಜು ಭಾವಿಸಿದೆ. ಕೈಕೆಲಸವನ್ನು ಓದು ಹತ್ತದವರ ಪಾಲಿಗೆ ಬಿಟ್ಟಿರುವ ನಮ್ಮ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು.

ನನ್ನ ಎದುರುಮನೆಯ ಶಿಕ್ಷಕರ ಗ್ಯಾರೇಜಿಗೆ ಶನಿವಾರಗಳಂದು ಪ್ರೌಢಶಾಲೆಯ ಇಬ್ಬರು ಹುಡುಗರು ಬರುತ್ತಿದ್ದರು. ಸಂಬಳವಿಲ್ಲ, ಅಂಕವಿಲ್ಲ. ಒಂದು ದಿನ ತುಕ್ಕು ಹಿಡಿದ ಬೋಲ್ಟೊಂದು ಎಷ್ಟು ತಿರುಗಿಸಿದರೂ ಬಾರದೆ ಹುಡುಗನೊಬ್ಬ ಬಲ ಹಾಕಲು ಹೋದಾಗ ಅವರು ತಡೆದರು. ಎಣ್ಣೆ ಬಿಟ್ಟು, ನಾಳೆ ಬಾ ಎಂದರು. ಮರುದಿನ ಬೋಲ್ಟು ಸಲೀಸಾಗಿ ಬಂತು. ಕಾಯುವುದೂ ಒಂದು ಉಪಕರಣವೆಂಬುದನ್ನು ನನಗೆ ಯಾವ ಪ್ರಯೋಗಾಲಯವೂ ಇಷ್ಟು ಸ್ಪಷ್ಟವಾಗಿ ಹೇಳಿಕೊಟ್ಟಿರಲಿಲ್ಲ.

ಹೊಗೆಯ ಲೆಕ್ಕ

ಹೊಗಳಿಕೆ ಇಷ್ಟಕ್ಕೆ ಸಾಕು. ಈ ಕಾರುಗಳ ಪಾಪದ ಲೆಕ್ಕವನ್ನೂ ನೋಡಬೇಕು. 1955ರಲ್ಲಿ ಶೆವರ್ಲೆ ಹೊರತಂದ ಎಂಟು ಸಿಲಿಂಡರಿನ ಎಂಜಿನ್ನಿನ ಗಾತ್ರ 4.3 ಲೀಟರ್. ಅಂಥ ಭಾರೀ ಕಾರು ಲೀಟರಿಗೆ ಐದಾರು ಕಿಲೋಮೀಟರ್ ಓಡಿದರೆ ಹೆಚ್ಚು. ಹೊಗೆಯನ್ನು ಶುದ್ಧಗೊಳಿಸುವ ವೇಗವರ್ಧಕ ಪೆಟ್ಟಿಗೆ ಅಮೆರಿಕದ ಕಾರುಗಳಿಗೆ ವ್ಯಾಪಕವಾಗಿ ಬಂದದ್ದು 1975ರ ಮಾದರಿಗಳಿಂದ. ಅದಕ್ಕೆ ಮುಂಚಿನ ಕಾರುಗಳ ಹೊಗೆ ಕೊಳವೆಯಿಂದ ನೇರವಾಗಿ ಗಾಳಿಗೆ ಸೇರುತ್ತದೆ. ಸೀಸದ ಕಥೆ ಇನ್ನೂ ಘೋರ. ಎಂಜಿನ್ನಿನ ಬಡಿತ ತಡೆಯಲು ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸಬಹುದೆಂದು ಜನರಲ್ ಮೋಟಾರ್ಸ್‌ನ ಥಾಮಸ್ ಮಿಜ್ಲಿ 1921ರಲ್ಲಿ ಕಂಡುಹಿಡಿದರು. ಆ ವಿಷ ಅಮೆರಿಕದ ರಸ್ತೆ ವಾಹನಗಳಿಗೆ ಪೂರ್ಣವಾಗಿ ನಿಷಿದ್ಧವಾದದ್ದು 1996ರಲ್ಲಿ, ಭಾರತದಲ್ಲಿ ನಿಂತದ್ದು 2000ದಲ್ಲಿ. ಜಗತ್ತಿನ ಕೊನೆಯ ದೇಶವಾಗಿ ಆಲ್ಜೀರಿಯಾ ಅದನ್ನು ಬಿಟ್ಟದ್ದು 2021ರಲ್ಲಿ. ಹಳೆಯ ಎಂಜಿನ್ನುಗಳ ವಾಲ್ವು ಕೂರುವ ಜಾಗಕ್ಕೆ ಆ ಸೀಸವೇ ಸವೆತದಿಂದ ರಕ್ಷಣೆಯಾಗಿತ್ತು. ಆದ್ದರಿಂದ ಇಂದು ಅವನ್ನು ನವೀಕರಿಸುವವರು ಅಲ್ಲಿ ಗಟ್ಟಿ ಉಕ್ಕಿನ ಉಂಗುರಗಳನ್ನು ಕೂರಿಸುತ್ತಾರೆ. ಹಳೆಯ ಬ್ರೇಕಿನ ಪಟ್ಟಿಗಳಲ್ಲಿ ಕಲ್ನಾರು, ಬಣ್ಣದಲ್ಲಿ ಸೀಸ, ಬಂಪರಿನ ಹೊಳಪಿಗೆ ಬಳಸುವ ಕ್ರೋಮಿಯಂ ದ್ರಾವಣ ಇವೆಲ್ಲ ಮೈಗೂ ನೆಲಕ್ಕೂ ಕೇಡು. ಮುಖಕ್ಕೆ ಮುಸುಕಿಲ್ಲದೆ ಹಳೆಯ ಬಣ್ಣ ಉಜ್ಜುವ ಹವ್ಯಾಸಿ ತನ್ನ ಶ್ವಾಸಕೋಶವನ್ನೇ ತೆರುತ್ತಿದ್ದಾನೆ.

ಆದರೂ ಲೆಕ್ಕವೆಂದ ಮೇಲೆ ಎರಡೂ ಬದಿ ನೋಡಬೇಕು. ಒಂದು ಲೀಟರ್ ಪೆಟ್ರೋಲು ಉರಿದರೆ ಸುಮಾರು 2.3 ಕಿಲೋಗ್ರಾಂ ಇಂಗಾಲದ ಡೈ ಆಕ್ಸೈಡ್ ಹೊರಬೀಳುತ್ತದೆ. ಹವ್ಯಾಸಿಯ ಹಳೆಯ ಕಾರು ಲೀಟರಿಗೆ 5 ಕಿಲೋಮೀಟರಿನಂತೆ ವರ್ಷಕ್ಕೆ 1,000 ಕಿಲೋಮೀಟರ್ ಓಡಿತೆನ್ನೋಣ. 200 ಲೀಟರ್, ಅಂದರೆ 460 ಕಿಲೋಗ್ರಾಂ. ಲೀಟರಿಗೆ 15 ಕಿಲೋಮೀಟರ್ ಕೊಡುವ ಹೊಸ ಕಾರು ವರ್ಷಕ್ಕೆ 12,000 ಕಿಲೋಮೀಟರ್ ಓಡಿದರೆ 800 ಲೀಟರ್, ಅಂದರೆ 1,840 ಕಿಲೋಗ್ರಾಂ. ಹೊಸ ಕಾರನ್ನು ತಯಾರಿಸುವಾಗಲೇ ಉಕ್ಕು, ಅಲ್ಯೂಮಿನಿಯಂ, ಪ್ಲಾಸ್ಟಿಕ್ಕಿಗಾಗಿ ಹಲವು ಟನ್ ಇಂಗಾಲ ಗಾಳಿಗೆ ಸೇರಿರುತ್ತದೆ. ಹಾಗೆಂದು ಎಲ್ಲರೂ ನಿತ್ಯದ ಓಡಾಟಕ್ಕೆ 1955ರ ಕಾರು ಹಿಡಿದರೆ ಊರು ಉಳಿಯಲಾರದು. ನಾವು ತಿಳಿಯಬೇಕಾದದ್ದು ಇಷ್ಟು: ವಸ್ತುವಿನ ವಯಸ್ಸಿನಿಂದ ಅದರ ಪಾಪವನ್ನು ಅಳೆಯಲಾಗದು. ಎಷ್ಟು ಓಡಿಸುತ್ತೇವೆ, ಎಷ್ಟು ಬೇಗ ಎಸೆಯುತ್ತೇವೆ ಎಂಬುದನ್ನು ಒಟ್ಟಿಗೆ ಅಳೆಯಬೇಕು.

ಈ ಒಟ್ಟು ಅಳತೆಯನ್ನು ಸರಕಾರಗಳೂ ಮರೆಯುತ್ತವೆ. 2009ರ ಬೇಸಿಗೆಯಲ್ಲಿ ಅಮೆರಿಕ ಸರಕಾರ ಹೆಚ್ಚು ಇಂಧನ ಕುಡಿಯುವ ಕಾರನ್ನು ಒಪ್ಪಿಸಿ ಹೊಸದನ್ನು ಕೊಂಡವರಿಗೆ ಸಹಾಯಧನ ಕೊಟ್ಟಿತು. ಕೆಲವೇ ವಾರಗಳಲ್ಲಿ ಸುಮಾರು 7 ಲಕ್ಷ ಕಾರುಗಳು ಬಂದವು. ಅವು 25 ವರ್ಷದೊಳಗಿನವೇ ಆಗಿರಬೇಕೆಂಬ ನಿಯಮವಿದ್ದುದರಿಂದ ಹವ್ಯಾಸಿಗಳ ಹಳೆಯ ಕಾರುಗಳು ಪಾರಾದವು. ಉಳಿದವುಗಳ ಎಂಜಿನ್ನಿಗೆ ಎಣ್ಣೆಯ ಬದಲು ಸೋಡಿಯಂ ಸಿಲಿಕೇಟ್ ದ್ರಾವಣ ಸುರಿದು ಚಾಲೂ ಮಾಡಲಾಯಿತು. ಬಿಸಿಗೆ ಅದು ಗಾಜಿನಂತೆ ಗಟ್ಟಿಯಾಗಿ ಎಂಜಿನ್ನು ಶಾಶ್ವತವಾಗಿ ಹಿಡಿದುಕೊಂಡಿತು. ಯಾರೂ ಮತ್ತೆ ಬಳಸಬಾರದೆಂದು ಓಡುವ ಎಂಜಿನ್ನನ್ನು ಕೊಲ್ಲುವುದು ಪರಿಸರ ರಕ್ಷಣೆಯ ಹೆಸರಿನಲ್ಲಿ ನಡೆಯಿತು.

ಕ್ಯೂಬಾದ ರಸ್ತೆ, ನಮ್ಮ ಜೀಪು

ಅಮೆರಿಕದವರಿಗೆ ಹವ್ಯಾಸವಾದದ್ದು ಇತರರಿಗೆ ಅನಿವಾರ್ಯವಾದದ್ದೂ ಉಂಟು. 1959ರ ಕ್ರಾಂತಿಯ ಬಳಿಕ ಅಮೆರಿಕ ಕ್ಯೂಬಾದೊಂದಿಗಿನ ವ್ಯಾಪಾರವನ್ನು ನಿರ್ಬಂಧಿಸಿತು. ಅಲ್ಲಿದ್ದ ಅಮೆರಿಕನ್ ಕಾರುಗಳಿಗೆ ಹೊಸ ಬಿಡಿಭಾಗ ಬರುವುದು ನಿಂತಿತು. ಕ್ಯೂಬಾದ ಮೆಕ್ಯಾನಿಕ್ಕುಗಳು ಸೋವಿಯತ್ ವಾಹನಗಳ ಎಂಜಿನ್ನು, ಕೈಯಾರೆ ತಯಾರಿಸಿದ ಭಾಗಗಳನ್ನು ಕೂರಿಸಿ ಆ ಕಾರುಗಳನ್ನು ದಶಕಗಳ ಕಾಲ ಟ್ಯಾಕ್ಸಿಗಳಾಗಿ ದುಡಿಸಿದರು. ಪ್ರವಾಸಿಗರಿಗೆ ಅದು ಚೆಂದದ ನೋಟ. ಅವರಿಗೆ ಅದು ಅನ್ನ.

ನಮ್ಮ ಮಲೆನಾಡಿಗೂ ಇದೇ ಕುಲದ ನಂಟಿದೆ. ಅಮೆರಿಕದ ವಿಲ್ಲೀಸ್ ಕಂಪೆನಿಯ ಜೀಪು ಎರಡನೆಯ ಮಹಾಯುದ್ಧಕ್ಕೆಂದು 1941ರಿಂದ ತಯಾರಾದದ್ದು; ಫೋರ್ಡ್ ಕಾರ್ಖಾನೆಯದೂ ಸೇರಿ 6 ಲಕ್ಷಕ್ಕೂ ಹೆಚ್ಚು ಜೀಪುಗಳು ಯುದ್ಧಕಾಲದಲ್ಲಿ ಹೊರಬಂದವು. 1940ರ ದಶಕದ ಕೊನೆಯಲ್ಲಿ ಮಹೀಂದ್ರ ಕಂಪೆನಿ ಅದನ್ನು ಮುಂಬಯಿಯಲ್ಲಿ ಜೋಡಿಸತೊಡಗಿತು. ನಮ್ಮ ಘಟ್ಟದ ತೋಟಗಳ ಕೆಸರುದಾರಿಗಳಲ್ಲಿ ಗೊಬ್ಬರ, ಅಡಿಕೆ, ಕಾಫಿ, ಬಾಣಂತಿ, ರೋಗಿ ಎಲ್ಲವನ್ನೂ ಹೊತ್ತದ್ದು ಇದೇ ಜೀಪು. ಅಮೆರಿಕದಲ್ಲಿ ಇಂದು ಅದನ್ನು ಒರೆಸಿ ಮೆರವಣಿಗೆಗೆ ಒಯ್ಯುತ್ತಾರೆ. ನಮ್ಮಲ್ಲಿ ಅದು ಇಂದಿಗೂ ಕೆಲವು ಮನೆಗಳ ಅಂಗಳದಲ್ಲಿ ದುಡಿಯುತ್ತಿದೆ. ಹೊಳೆ ದಾಟುವಾಗ ನಿಂತರೆ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಒರೆಸಿ ಮತ್ತೆ ಚಾಲೂ ಮಾಡಬಲ್ಲ ಹಿರಿಯರು ನಮ್ಮೂರುಗಳಲ್ಲಿ ಇನ್ನೂ ಇದ್ದಾರೆ. ಅವರು ಹವ್ಯಾಸಿಗಳಲ್ಲ, ಅವರ ಬಳಿ ಪದವಿಯಿಲ್ಲ. ಆದರೆ ಏಮ್ಸ್‌ನ ಶಿಕ್ಷಕರೂ ಅವರೂ ಭೇಟಿಯಾದರೆ ಭಾಷೆಯ ತೊಡಕಿಲ್ಲದೆ ಮಾತಾಡಬಲ್ಲರು.

ಬೀಗ ಹಾಕಿದ ಯಂತ್ರ

ಎರಡು ವರ್ಷಗಳ ಹಿಂದೆ ಆಷಾಢದ ಮಳೆ ನಡುವೆ ನಾಲ್ಕು ದಿನ ಹೊಳವಾಯಿತು. ಬೋರ್ಡೋ ಸಿಂಪಡಿಸಲು ಅಷ್ಟೇ ಅವಕಾಶ. ತಪ್ಪಿದರೆ ಕೊಳೆ ಹಬ್ಬುತ್ತದೆಂದು ನಾನೇ ಊರೂರಿಗೆ ಹೇಳಿಕೊಂಡು ಬಂದವನು. ಔಷಧಿ ಹೊಡೆಯುವವರನ್ನೂ ಸಾಮಗ್ರಿಯನ್ನೂ ತೋಟಕ್ಕೆ ಸಾಗಿಸಬೇಕಿದ್ದ ನಮ್ಮ ಹೊಸ ಪಿಕಪ್ ವಾಹನ ಅಂದು ಬೆಳಿಗ್ಗೆ ಒಂದು ಹಳದಿ ದೀಪ ತೋರಿಸಿ ನಿಂತಿತು. ಪೇಟೆಯ ಮೇಸ್ತ್ರಿ ಬಂದರು. ನಲವತ್ತು ವರ್ಷ ಜೀಪು ರಿಪೇರಿ ಮಾಡಿದ ಕೈ ಅವರದು. ಬಾನೆಟ್ ಎತ್ತಿ ಬಹಳ ಹೊತ್ತು ನೋಡಿ, “ಡಾಕ್ಟ್ರೇ, ಇದರಲ್ಲಿ ನಾನು ಕೈ ಹಾಕೋದಕ್ಕೆ ಜಾಗವೇ ಇಲ್ಲ” ಎಂದರು. ಕಂಪೆನಿಯ ಸರ್ವೀಸ್ ಕೇಂದ್ರದವರು ಲ್ಯಾಪ್‌ಟಾಪ್ ಹಿಡಿದು ಬಂದದ್ದು ಐದನೆಯ ದಿನ. ಹತ್ತು ನಿಮಿಷದಲ್ಲಿ ದೋಷದ ಸಂಕೇತವನ್ನು ಓದಿ, ಸಣ್ಣದೊಂದು ಸೆನ್ಸರ್ ಬದಲಿಸಿದರು. ಅಷ್ಟರಲ್ಲಿ ಮಳೆ ಮತ್ತೆ ಹಿಡಿದಿತ್ತು. ನೆರೆಮನೆಯವರ ಹಳೆಯ ಜೀಪು ಸಿಕ್ಕಿದ್ದರಿಂದ ಅರ್ಧ ತೋಟಕ್ಕಾದರೂ ಔಷಧಿ ಬಿತ್ತು. ಉಳಿದರ್ಧದ ಅಡಿಕೆ ಗೊನೆಗಳು ಆ ವರ್ಷ ನೆಲ ಕಂಡವು.

ಹೊಸ ಯಂತ್ರಗಳಲ್ಲಿ ವಿದ್ಯುನ್ಮಾನ ಇರುವುದು ತಪ್ಪೆಂದು ನಾನು ಹೇಳುವುದಿಲ್ಲ. ಇಂಧನ ಉಳಿಸುವುದೂ ಹೊಗೆ ತಗ್ಗಿಸುವುದೂ ಅದರಿಂದಲೇ ಸಾಧ್ಯವಾಗಿದೆ. ನನ್ನ ತಕರಾರು ಇರುವುದು ಬೀಗದ ಬಗೆಗೆ. ದೋಷ ಯಾವುದೆಂದು ಓದುವ ಸಾಧನವನ್ನೂ ಕೈಪಿಡಿಯನ್ನೂ ಬಿಡಿಭಾಗವನ್ನೂ ಕಂಪೆನಿಯೊಂದೇ ಇಟ್ಟುಕೊಂಡರೆ ಹಣ ಕೊಟ್ಟು ಕೊಂಡ ಯಂತ್ರ ನಮ್ಮದಾಗುವುದು ಹೇಗೆ? ಅಮೆರಿಕದಲ್ಲಿ ಈ ಪ್ರಶ್ನೆಗೆ ಮತದಾರರೇ ಉತ್ತರ ಕೊಟ್ಟಿದ್ದಾರೆ. ಕಾರು ದುರಸ್ತಿಗೆ ಬೇಕಾದ ಮಾಹಿತಿಯನ್ನು ಸ್ವತಂತ್ರ ಗ್ಯಾರೇಜುಗಳಿಗೂ ಒದಗಿಸಬೇಕೆಂಬ ಕಾನೂನನ್ನು 2012ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಜನ ಮತ ಹಾಕಿ ಒಪ್ಪಿದರು. ಕೊಲರಾಡೊ ರಾಜ್ಯ 2023ರಲ್ಲಿ ಕೃಷಿ ಯಂತ್ರಗಳಿಗೂ ಇಂಥ ಹಕ್ಕನ್ನು ವಿಧಿಸಿತು. ಟ್ರ್ಯಾಕ್ಟರ್ ದುರಸ್ತಿಯನ್ನು ತನ್ನ ವಿತರಕರ ಹಿಡಿತದಲ್ಲೇ ಇರಿಸಿಕೊಂಡಿದೆಯೆಂಬ ಆರೋಪದ ಮೇಲೆ ಡೀರ್ ಕಂಪೆನಿಯ ವಿರುದ್ಧ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2025ರ ಜನವರಿಯಲ್ಲಿ ದಾವೆ ಹೂಡಿತು. ನಮ್ಮಲ್ಲಿ ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2022ರಲ್ಲಿ ದುರಸ್ತಿ ಹಕ್ಕಿನ ಕುರಿತು ಸಮಿತಿ ರಚಿಸಿ, ಅದೇ ಡಿಸೆಂಬರಿನಲ್ಲಿ ಒಂದು ಜಾಲತಾಣ ತೆರೆಯಿತು. ಕೃಷಿ ಉಪಕರಣ ಮತ್ತು ವಾಹನಗಳು ಅದರ ವ್ಯಾಪ್ತಿಯಲ್ಲಿವೆ. ಇದು ಒಳ್ಳೆಯ ಆರಂಭ. ಆದರೆ ಸಮಿತಿಯಾಗಲಿ ಜಾಲತಾಣವಾಗಲಿ ಕಾನೂನಿಗೆ ಸಮನಲ್ಲ.

2021ರಲ್ಲಿ ಭಾರತ ಸರಕಾರ 50 ವರ್ಷ ದಾಟಿದ, ಮೂಲಸ್ವರೂಪ ಉಳಿಸಿಕೊಂಡ ವಾಹನಗಳಿಗೆ ಪಾರಂಪರಿಕ ವಾಹನವೆಂಬ ಪ್ರತ್ಯೇಕ ನೋಂದಣಿಯ ನಿಯಮ ತಂದಿತು. ಅಂಥ ವಾಹನವನ್ನು ಪ್ರದರ್ಶನಕ್ಕೆ ಒಯ್ಯಬಹುದು, ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಮೆರವಣಿಗೆಯ ಕಾರಿಗೆ ಗೌರವ ಸಂದಿತು, ಸಂತೋಷ. ಗೊಬ್ಬರ ಹೊರುವ ಜೀಪಿಗೂ ಅದನ್ನು ಬದುಕಿಸಿದ ಮೇಸ್ತ್ರಿಗೂ ಸಲ್ಲಬೇಕಾದ ಗೌರವ ಇನ್ನೂ ಬಾಕಿಯಿದೆ.

ನಾವೇನು ಮಾಡಬಹುದು? ಮೊದಲನೆಯದು, ಕೊಳ್ಳುವ ಮುನ್ನ ಕೇಳುವುದು. ಕಳೆ ಕೊಚ್ಚುವ ಯಂತ್ರವಿರಲಿ, ಟಿಲ್ಲರಿರಲಿ, ಪಿಕಪ್ ಇರಲಿ: ದುರಸ್ತಿ ಕೈಪಿಡಿ ಕೊಡುತ್ತೀರಾ, ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ, ನಮ್ಮ ಪೇಟೆಯ ಮೇಸ್ತ್ರಿ ಇದನ್ನು ಬಿಚ್ಚಬಹುದೇ? ಒಬ್ಬ ಕೇಳಿದರೆ ಮಾರುವವನು ನಗುತ್ತಾನೆ. ಸಹಕಾರ ಸಂಘವೇ ಕೇಳಿದರೆ ಉತ್ತರ ಹುಡುಕುತ್ತಾನೆ. ಎರಡನೆಯದು, ಈ ಮಾಹಿತಿ ಮತ್ತು ಬಿಡಿಭಾಗ ಕಡ್ಡಾಯವಾಗಿ ದೊರೆಯುವಂತೆ ಕಾನೂನು ಬೇಕೆಂದು ಗ್ರಾಮಸಭೆಗಳಲ್ಲಿ ನಿರ್ಣಯ ಮಾಡಿ ನಮ್ಮ ಪ್ರತಿನಿಧಿಗಳಿಗೆ ಕಳುಹಿಸುವುದು. ಮೂರನೆಯದು ವಿದ್ಯಾರ್ಥಿಗಳಿಗೆ. ನಿಮ್ಮ ಪೇಟೆಯ ಹಿರಿಯ ಮೇಸ್ತ್ರಿಯ ಬಳಿ ಒಂದು ರಜೆ ಕುಳಿತುಕೊಳ್ಳಿ. ಅವರು ಹೇಳುವುದನ್ನು ಬರೆದಿಟ್ಟುಕೊಳ್ಳಿ, ಚಿತ್ರ ಬರೆಯಿರಿ. ಕೈಪಿಡಿಯಿಲ್ಲದ ವಿದ್ಯೆ ಆ ಜೀವದೊಂದಿಗೇ ಹೋಗಿಬಿಡುತ್ತದೆ.

ನಾನು ಏಮ್ಸ್ ಬಿಡುವ ಹೊತ್ತಿಗೆ ಆ ಶೆವರ್ಲೆ ಇನ್ನೂ ಪೂರ್ತಿಯಾಗಿರಲಿಲ್ಲ. ತಳದ ತಗಡು ಕೂತಿತ್ತು, ಎಂಜಿನ್ನು ಚಾಸಿಯ ಮೇಲೇರಿತ್ತು, ಬಣ್ಣ ಬಾಕಿಯಿತ್ತು. ಯಾವಾಗ ಮುಗಿಯುತ್ತದೆಂದು ಬೀಳ್ಕೊಡುವಾಗ ಕೇಳಿದೆ. ಅವರು ನಕ್ಕು, ಆ ಇಬ್ಬರು ಹುಡುಗರತ್ತ ಕೈ ತೋರಿಸಿದರು. ತಾನು ಮುಗಿಸದಿದ್ದರೆ ಮುಗಿಸುವವರು ಅಲ್ಲಿ ನಿಂತಿದ್ದರು. ನಮ್ಮೂರಿನ ಮೇಸ್ತ್ರಿಯ ಅಂಗಡಿಯಲ್ಲಿ ಈಗ ಅವರೊಬ್ಬರೇ ಇದ್ದಾರೆ.